ಹೇಗಿದೆಯೋ ಹಾಗೇ

ಟೋಪಿ ಹಾಕಿಕೊಂಡಿದ್ದ ಅಪರಿಚಿತರೊಬ್ಬರು ಬೆಳಿಗ್ಗೆ ಕಾಂಪೌಂಡಿನ ಹೊರಗೆ ನಿಂತು, ಒಳಗಿದ್ದ ವ್ಯಾನನ್ನು ಕಂಡು, ಟೋಪಿ ತೆಗೆದು ಎದೆಗಿಟ್ಟುಕೊಂಡರು. ಆ ದಿನದ ರಾಮಾಯಣಕ್ಕೆಲ್ಲ ಇಷ್ಟೇ ಕಾರಣ.

ಅಲ್ಲಿಯವರೆಗೆ ಆ ವ್ಯಾನನ್ನು ಕಂಡು ಯಾರೂ ಟೋಪಿ ತೆಗೆದಿರಲಿಲ್ಲ. ಮೂಗು ಮುರಿದವರಿದ್ದರು, ಟೈರಿಗೆ ಒದ್ದು ನೋಡಿದವರಿದ್ದರು, ಅದರಡಿಯಲ್ಲಿ ಮರಿ ಹಾಕಿದ ಬೆಕ್ಕೊಂದಿತ್ತು. ಅದರ ಯಜಮಾನನಿಗೆ ಕನ್ನಡಕದ ಅಂಗಡಿ ಇದ್ದುದರಿಂದ ಬೀದಿಯವರೆಲ್ಲ ಅವನನ್ನು ಕನ್ನಡಕಪ್ಪ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವನು ಕೊಂಡ ಗಾಡಿ ಅದು. ನೀಲಿ ಬಣ್ಣ, ಚಪ್ಪಟೆ ಮುಖ, ಬೆರಗಾದ ಕಣ್ಣುಗಳಂತೆ ಎರಡು ದುಂಡು ದೀಪ, ಎಂಜಿನ್ನು ಹಿಂದುಗಡೆ. ಒಳಗೆ ಮಡಚುವ ಹಾಸಿಗೆ, ಅಂಗೈಯಗಲದ ಒಲೆ, ಪುಟ್ಟ ಸಿಂಕು, ಕಿಟಕಿಗಳಿಗೆ ಪರದೆ. ಹೆಂಡತಿಯನ್ನು ಕೂರಿಸಿಕೊಂಡು ದೇಶ ಸುತ್ತುವುದು ಅವನ ಯೋಜನೆಯಾಗಿತ್ತು. ದೇಶ ಪೆಟ್ರೋಲ್ ಬಂಕಿನವರೆಗೆ ಹೋಗಿ ನಿಂತಿತು. ಬರುವಾಗ ಹೆಂಡತಿ ಹಿಂದಿನಿಂದ ತಳ್ಳಿಕೊಂಡು ಬಂದಳು. ಆ ತಳ್ಳಾಟದ ಮಾತು ಮನೆಯಲ್ಲಿ ಈಗಲೂ ಆಗಾಗ ಬರುತ್ತಿತ್ತು, ಅದರಲ್ಲೂ ನೆಂಟರು ಇದ್ದಾಗ.

ಹೆಂಡತಿ ಈಗ ಗಿಡಗಳ ವ್ಯಾಪಾರ ಮಾಡುತ್ತಿದ್ದಳು. ಅಂಗಳದ ಬಿಸಿಲನ್ನೆಲ್ಲ ವ್ಯಾನು ನುಂಗುತ್ತಿದ್ದುದರಿಂದ ಕುಂಡಗಳು ಮೆಟ್ಟಿಲ ಮೇಲೆ, ಟೀವಿಯ ಮೇಲೆ, ಕೊನೆಗೆ ಸ್ನಾನದ ಮನೆಯೊಳಗೂ ಬಂದು ಕೂತಿದ್ದವು. ಕನ್ನಡಕಪ್ಪ ಸ್ನಾನ ಮಾಡುವಾಗ ಬೆನ್ನಿಗೆ ಏನಾದರೂ ತಾಗಿದರೆ ಅದು ಸೋಪೋ ಎಲೆಯೋ ಎಂದು ತಿರುಗಿ ನೋಡುವ ಸ್ಥಿತಿ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅವಳು ದನಿ ಏರಿಸದೆ ಹೇಳಿದ್ದಳು: "ಈ ವಾರದೊಳಗೆ ಆ ಡಬ್ಬಾ ಹೋಗ್ಬೇಕು. ಇಲ್ಲಾ ಅಂದ್ರೆ ಅದರ ತಲೆ ಮೇಲೆ ಮಣ್ಣು ಸುರಿದು ಕುಂಬಳದ ಬಳ್ಳಿ ಹಬ್ಬಿಸ್ತೀನಿ." ಅವಳು ದನಿ ಏರಿಸಿದರೆ ಹೆದರಬೇಕಿರಲಿಲ್ಲ. ಏರಿಸದಿದ್ದರೆ ಮಾತ್ರ ಹೆದರಬೇಕು.

ಹೀಗಿರುವಾಗ ಆ ಟೋಪಿಯವರು ಗೇಟಿನ ಬಳಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕನ್ನಡಕಪ್ಪ ಟವೆಲ್ಲಿನಲ್ಲೇ ಓಡಿಬಂದ.

"ಗಾಡಿ ನಿಮ್ಮದಾ?"

"ಹೌದು ಸಾರ್."

"ಬಣ್ಣ?"

"ಕೊಂಡಾಗ ಇದ್ದದ್ದೇ. ನಾನೇನೂ ಬಳಿಸಿಲ್ಲ."

"ಆ ಬಾಗಿಲ ಮೇಲಿನ ಗುಳಿ?"

"ಅದೂ ಹಳೇದೇ."

ಟೋಪಿಯವರು ಗಂಟಲು ಸರಿಮಾಡಿಕೊಂಡರು. "ಸಂಜೆ ಬರ್ತೀನಿ. ಮಾತಾಡೋದಿದೆ. ಅಲ್ಲೀವರೆಗೆ ದಯವಿಟ್ಟು ಏನೂ ಮುಟ್ಟಬೇಡಿ. ತುಕ್ಕು, ಧೂಳು, ಗುಳಿ, ಎಲ್ಲಾ ಹೇಗಿದೆಯೋ ಹಾಗೇ ಇರಲಿ. ಇಂಥಾದ್ದು ಈಗ ಕಣ್ಣಿಗೆ ಬೀಳಲ್ಲ." ಕನ್ನಡಕಪ್ಪನ ಫೋನ್ ನಂಬರು ಪಡೆದು, ತಿರುಗಿ ತಿರುಗಿ ನೋಡುತ್ತ, ಒಂದು ವಿದ್ಯುತ್ ಕಂಬಕ್ಕೆ ಭುಜ ತಾಗಿಸಿಕೊಂಡು ಹೊರಟುಹೋದರು.

ಈ ಮಾತುಕತೆಯೆಲ್ಲ ಎದುರು ಮನೆಯ ಬಾಲ್ಕನಿಯಲ್ಲಿ ಕೂತಿದ್ದ ಚೆಕಿಂಗ್ ಸಾಹೇಬರ ಕಿವಿಗೆ ಬಿತ್ತು. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು ಅವರು. ನಿವೃತ್ತಿಯ ನಂತರ ತಪಾಸಣೆಯನ್ನು ಬೀದಿಗೆ ವಿಸ್ತರಿಸಿಕೊಂಡಿದ್ದರು.

"ರೀ ಕನ್ನಡಕಪ್ಪಾ, ನಿಮ್ಮ ಅದೃಷ್ಟ ಖುಲಾಯಿಸ್ತು," ಎಂದರು ಮೇಲಿನಿಂದಲೇ. "ಹಳೇ ಗಾಡಿ ಹುಚ್ಚಿನವರು ಇವರು. ಹೊಸ ಕಾರು ಎರಡು ಬರೋವಷ್ಟು ಕೊಡ್ತಾರೆ. ಆದ್ರೆ ಹುಷಾರು, ಟೋಪಿ ತೆಗೆದು ಬಂದವನು ಟೋಪಿ ಹಾಕಿ ಹೋಗೋದೂ ಉಂಟು. ನೀವು ಮಾರೋ ಆಸೆ ತೋರಿಸ್ಲೇಬಾರದು. ಮೂರು ಸಲ ಕೊಡಲ್ಲ ಅನ್ನಿ. ನಾಲ್ಕನೇ ಸಲ ಕೇಳಿದಾಗ ನಿಟ್ಟುಸಿರು ಬಿಡಿ. ಅಷ್ಟೇ ವಿದ್ಯೆ."

ಕನ್ನಡಕಪ್ಪ ಹೆಂಡತಿಗೆ ಸುದ್ದಿ ಹೇಳಿದ. ಅವಳ ಮುಖದಲ್ಲಿ ಮದುವೆಯ ಫೋಟೋದಲ್ಲೂ ಇಲ್ಲದ ನಗು ಮೂಡಿತು. "ಸಂಜೆಗೆ ಹೋಗಿಬಿಡುತ್ತಾ?" ಎಂದು ಎರಡು ಸಲ ಕೇಳಿದಳು.

ಅವನಿಗೆ ಅಂಗಡಿಗೆ ಹೋಗದೆ ವಿಧಿಯಿರಲಿಲ್ಲ. ಮಧ್ಯಾಹ್ನದ ರೈಲಿಗೆ ಹೊರಟಿದ್ದ ಒಬ್ಬ ಗಿರಾಕಿಗೆ ಕನ್ನಡಕ ಕೊಡಬೇಕಿತ್ತು. ಎದುರು ಮನೆಯವರಿಗೆ, ಪಕ್ಕದ ಮನೆಯ ಪಾರ್ಲರ್ ಅಕ್ಕನಿಗೆ, ಎಲ್ಲರಿಗೂ ಕೈ ಮುಗಿದು "ದಯವಿಟ್ಟು ಗಾಡಿ ಕಡೆ ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಹೊರಟ. ನೋಡಿಕೊಳ್ಳಿ ಎಂದದ್ದು ತಪ್ಪಾಯಿತು. ನೋಡಬೇಡಿ ಎನ್ನಬೇಕಿತ್ತು. ಅವಸರದಲ್ಲಿ ಫೋನನ್ನೂ ಮನೆಯಲ್ಲೇ ಬಿಟ್ಟ.

ಅಂಗಡಿಯಲ್ಲಿ ಅವನ ಮೈ ಮಾತ್ರ ಇತ್ತು. ಮನಸ್ಸು ವ್ಯಾನಿನ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಬಲಗಣ್ಣಿನ ಗಾಜನ್ನು ಎಡಕ್ಕೂ ಎಡಗಣ್ಣಿನದನ್ನು ಬಲಕ್ಕೂ ಕೂರಿಸಿ ಕೊಟ್ಟ. ಗಿರಾಕಿ ಅದನ್ನು ಹಾಕಿಕೊಂಡು, ಬಾಗಿಲ ಬಳಿಯ ಕೋಟ್ ಸ್ಟ್ಯಾಂಡಿಗೆ "ಬರ್ತೀನಿ ಸಾರ್" ಎಂದು ಹೇಳಿ, ಗಾಜಿನ ಬಾಗಿಲನ್ನು ಎರಡನೇ ಪ್ರಯತ್ನದಲ್ಲಿ ಪತ್ತೆ ಹಚ್ಚಿ ಹೊರಟುಹೋದ.

ಅಷ್ಟರಲ್ಲಿ ಅಂಗಡಿಯ ಫೋನು ಹೊಡೆದುಕೊಂಡಿತು. ಚೆಕಿಂಗ್ ಸಾಹೇಬರು.

"ನಿಶ್ಚಿಂತೆಯಿಂದಿರಿ ಕನ್ನಡಕಪ್ಪಾ. ನಾವೆಲ್ಲಾ ಸೇರಿದ್ದೀವಿ. ನಿಮ್ಮ ಭಾಮೈದನೂ ಬಂದಿದ್ದಾರೆ."

ಇದಕ್ಕಿಂತ ಭಯಂಕರವಾದ ಮಾತನ್ನು ಅವನು ಕೇಳಿರಲಿಲ್ಲ. ಷಟರ್ ಅರ್ಧ ಎಳೆದು, ಉಳಿದರ್ಧವನ್ನು ಮರೆತು, ಮನೆಯತ್ತ ಓಡಿದ.

ಅಂಗಳದಲ್ಲಿ ವ್ಯಾನು ಹೊಳೆಯುತ್ತಿತ್ತು. ಪಾರ್ಲರ್ ಅಕ್ಕ ಅದಕ್ಕೆ ಶ್ಯಾಂಪೂ ಹಾಕಿ ತಿಕ್ಕಿ, ಯಾವುದೋ ಎಣ್ಣೆಯಿಂದ ಮಸಾಜು ಮಾಡಿ, ತುಕ್ಕು ಹಿಡಿದ ಕಲೆಗಳ ಮೇಲೆಲ್ಲ ಉಗುರಿನ ಬಣ್ಣ ಬಳಿದಿದ್ದಳು. ನೀಲಿ ಸಾಲದೆ ಅಲ್ಲಲ್ಲಿ ಗುಲಾಬಿ ಬಣ್ಣವೂ ಬಿದ್ದಿತ್ತು. ವ್ಯಾನು ಮದುವೆಗೆ ಹೊರಟ ಅಜ್ಜಿಯಂತೆ ನಾಚಿಕೊಂಡು ನಿಂತಿತ್ತು.

"ಮುಟ್ಟಬೇಡಿ ಅಂದಿದ್ರು ಅಕ್ಕಾ," ಎಂದ, ಅಳು ನುಂಗಿಕೊಂಡು.

"ಅವರು ಹಾಗೇ ಅಂತಾರಣ್ಣ. ಹೆಣ್ಣು ನೋಡೋಕೆ ಬರೋರೂ ಹೇಗಿದ್ದರೆ ಹಾಗೇ ಇರಲಿ ಅಂತಾರೆ. ಹಾಗಂತ ನಾವು ಮುಖ ತೊಳೀದೆ ಕೂರಿಸ್ತೀವಾ?"

ಬಾಗಿಲ ಮೇಲಿನ ಗುಳಿ ಮಾಯವಾಗಿತ್ತು. ಸಾಹೇಬರು ಒಳಗಿನಿಂದ ಲಟ್ಟಣಿಗೆಯಲ್ಲಿ ತಟ್ಟಿ ತಟ್ಟಿ ಸರಿಮಾಡಿದ್ದರು. "ಹೊಸದರ ಥರಾ ಆಯ್ತು ನೋಡಿ," ಎಂದರು ಹೆಮ್ಮೆಯಿಂದ. ಅವರು ಹಾಳು ಮಾಡಿದ್ದು ಗಾಡಿಯ ಅರ್ಧ ಬೆಲೆಯನ್ನು ಎಂದು ಹೇಳುವ ಧೈರ್ಯ ಕನ್ನಡಕಪ್ಪನಿಗೆ ಬರಲಿಲ್ಲ, ಏಕೆಂದರೆ ಲಟ್ಟಣಿಗೆ ಇನ್ನೂ ಅವರ ಕೈಯಲ್ಲೇ ಇತ್ತು.

ಹೆಂಡತಿಯ ತಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಗಾಡಿ ಕಲಿಸುವವನು. ಅವನು ಖಾಲಿ ಬಕೆಟ್ಟು ಹಿಡಿದು ವ್ಯಾನಿನ ಪಕ್ಕದಿಂದ ಪ್ರತ್ಯಕ್ಷನಾದ.

"ಭಾವ, ಎಂಜಿನ್ನಿಗೆ ಒಂದು ತೊಟ್ಟು ನೀರಿರ್ಲಿಲ್ಲ. ರೇಡಿಯೇಟರ್ ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ಒಂದು ಮುಚ್ಚಳ ಸಿಕ್ತು, ಪೂರ್ತಿ ತುಂಬಿಸಿಬಿಟ್ಟೆ."

"ಇದಕ್ಕೆ ರೇಡಿಯೇಟರೇ ಇಲ್ಲ ಕಣೋ. ನೀರು ಬೇಡ. ಗಾಳಿಯಿಂದಲೇ ತಣ್ಣಗಾಗೋ ಎಂಜಿನ್ನು ಇದು. ಅದರ ಮರ್ಯಾದೆ ಇರೋದೇ ಅದರಲ್ಲಿ."

"ನೀರು ಕುಡೀದ ಗಾಡಿ ಎಲ್ಲಾದ್ರೂ ಇದೆಯಾ ಭಾವ? ಹಾಗಾದ್ರೆ ನಾನು ನೀರು ಹಾಕಿದ್ದು ಎಲ್ಲಿಗೆ?"

"ಪೆಟ್ರೋಲ್ ಟ್ಯಾಂಕಿಗೆ."

ಭಾಮೈದ ಬಕೆಟ್ಟಿನೊಳಗೆ ಒಮ್ಮೆ ಇಣುಕಿ ನೋಡಿದ. ನೀರನ್ನು ವಾಪಸು ಕರೆಯುವ ದಾರಿ ಅಲ್ಲಿ ಕಾಣಲಿಲ್ಲ. "ನೋಡೋಕೆ ಬರೋರು ಓಡಿಸಿ ನೋಡಲ್ಲ ಬಿಡಿ," ಎಂದು ಸಮಾಧಾನ ಹೇಳಿದ.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. "ನಿಮ್ಮ ಟೋಪಿಯವರು ಫೋನ್ ಮಾಡಿದ್ರು. ಗಾಡಿ ಮೇಲೆ ನಿಮಗೆಷ್ಟು ಪ್ರೀತಿ ಅಂತ ಕೇಳಿದ್ರು. ನಾನು ಇದ್ದದ್ದು ಇದ್ದ ಹಾಗೆ ಹೇಳ್ದೆ. ಹೆಂಡ್ತಿಗೆ ಜ್ವರ ಬಂದ್ರೆ ಮಾತ್ರೆ ತರೋಕೆ ಮರೀತಾರೆ, ಮಳೆ ಬಂದ್ರೆ ಮಾತ್ರ ಅದಕ್ಕೆ ಟಾರ್ಪಾಲು ಹೊದಿಸೋಕೆ ಮರೆಯಲ್ಲ ಅಂದೆ. ನಮ್ಮ ಮದುವೆ ದಿನ ನೆನಪಿಲ್ಲ, ಅದನ್ನ ಕೊಂಡ ದಿನ ನೆನಪಿದೆ ಅಂದೆ. ಪಾಪ, ತುಂಬಾ ಹೊತ್ತು ಕೇಳಿಸಿಕೊಂಡ್ರು. ಒಳ್ಳೆ ಮನುಷ್ಯ."

"ಗುಳಿ ಬಗ್ಗೆ ಏನಾದ್ರೂ ಕೇಳಿದ್ರಾ?"

"ಎಲ್ಲಾ ಹಾಗೇ ಇದೆ ತಾನೇ ಅಂದ್ರು. ಇದೆ ಅಂದೆ."

ಈಗ ಉಳಿದದ್ದು ಒಂದೇ ದಾರಿ. ಬೆಳಿಗ್ಗೆಯಿಂದ ಹೊಸದಾದದ್ದನ್ನು ಸಂಜೆಯೊಳಗೆ ಹಳೆಯದು ಮಾಡಬೇಕು.

ಕನ್ನಡಕಪ್ಪ ಇದನ್ನು ಹೇಳಿದಾಗ ಎಲ್ಲರಿಗೂ ಒಂದು ಕ್ಷಣ ಬೇಸರವಾಯಿತು, ಮರುಕ್ಷಣ ಉತ್ಸಾಹ ಬಂತು. ಕೆಡಿಸುವ ಕೆಲಸಕ್ಕೆ ನೆರೆಹೊರೆಯವರು ಕಟ್ಟುವ ಕೆಲಸಕ್ಕಿಂತ ಬೇಗ ಸೇರುತ್ತಾರೆ. ಪಾರ್ಲರ್ ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ವಯಸ್ಸಾದೋರನ್ನ ಚಿಕ್ಕೋರು ಮಾಡೋದೇ ಇಷ್ಟು ದಿನ ಆಯ್ತು. ಇದು ನನಗೂ ಹೊಸ ಅನುಭವ," ಎಂದು ಉಗುರಿನ ಬಣ್ಣವನ್ನು ಹತ್ತಿಯಲ್ಲಿ ಒರೆಸಿ ತೆಗೆದಳು. ತುಕ್ಕಿನ ಜಾಗಕ್ಕೆ ಕಾಫಿ ಪುಡಿಯನ್ನೂ ಕೆಂಪು ಮಣ್ಣನ್ನೂ ಕಲಸಿ ಹಚ್ಚಿದಳು. ಧೂಳಿಗೆ ಹೆಂಡತಿಯ ಕುಂಡದ ಮಣ್ಣನ್ನು ಜರಡಿ ಹಿಡಿದರು. ಅದು ಎಣ್ಣೆಯ ಮೇಲೆ ಮುದ್ದೆ ಮುದ್ದೆಯಾಗಿ ಕೂತಿತು. ಆಗ ಅಕ್ಕ ತನ್ನ ಅಂಗಡಿಯಿಂದ ದೊಡ್ಡ ಡಬ್ಬಿಯ ಮುಖದ ಪೌಡರು ತಂದು, ಮಣ್ಣಿನೊಂದಿಗೆ ಬೆರೆಸಿ, ಬ್ರಷ್ಷಿನಲ್ಲಿ ಮೃದುವಾಗಿ ಹೊಡೆದಳು. ವ್ಯಾನಿಗೆ ನಿಜವಾಗಿಯೂ ವರ್ಷಗಟ್ಟಲೆ ಯಾರೂ ಕಣ್ಣೆತ್ತಿ ನೋಡದ ಕಳೆ ಬಂತು.

ಸಾಹೇಬರು ತಮ್ಮ ಫೋನಿನಲ್ಲಿ ವ್ಯಾನಿನ ಹಳೆಯ ಫೋಟೋ ಒಂದನ್ನು ಹಿಡಿದು, ಬಾಲ್ಕನಿಯಿಂದ ನಿರ್ದೇಶನ ಕೊಡುತ್ತಿದ್ದರು. "ಕಾಗೆ ಹಿಕ್ಕೆ ಇನ್ನೂ ಸ್ವಲ್ಪ ಎಡಕ್ಕೆ. ಅದು ಉದ್ದಕ್ಕಿತ್ತು, ದುಂಡಗಿರ್ಲಿಲ್ಲ." ಭಾಮೈದ ಏಣಿ ಹತ್ತಿ ಟೂತ್‌ಪೇಸ್ಟಿನಲ್ಲಿ ಕಾಗೆಯ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದ. ಮರದ ಮೇಲಿದ್ದ ನಿಜವಾದ ಕಾಗೆಯೊಂದು ಕತ್ತು ವಾರೆ ಮಾಡಿ ಇದನ್ನು ನೋಡುತ್ತಿತ್ತು.

ಕೊನೆಗೆ ಗುಳಿ. ಹೊರಗಿನಿಂದ ಲಟ್ಟಣಿಗೆಯಲ್ಲಿ ಹೊಡೆದರೆ ಗೀರು ಬೀಳುತ್ತದೆ ಎಂದು ಅಕ್ಕ ಒಪ್ಪಲಿಲ್ಲ. ಗೀರಿಲ್ಲದ ನುಣುಪು ಗುಳಿ ಅದು. ಭಾಮೈದ ತನ್ನ ಸ್ಕೂಲಿನ ಕಾರನ್ನು ಹಿಂದಕ್ಕೆ ತಂದು ಮೆತ್ತಗೆ ತಾಗಿಸುತ್ತೇನೆಂದ. ಮೆತ್ತಗೆಯೇ ತಾಗಿಸಿದ, ಆದರೆ ಪಕ್ಕದ ಬಾಗಿಲಿಗೆ. ಅಲ್ಲಿ ಅಗಲವಾದ ಒಂದು ಗುಳಿ ಬಿತ್ತು, ಒಂದು ದೀಪವೂ ಒಡೆಯಿತು. ದೀಪ ಅವನ ಕಾರಿನದೇ ಎಂಬುದೊಂದು ಸಮಾಧಾನ. ಬೇರೆ ದಾರಿ ಕಾಣದೆ ಕನ್ನಡಕಪ್ಪ ಕೆಲವು ಹೆಜ್ಜೆ ಹಿಂದಕ್ಕೆ ಹೋಗಿ, ಕಣ್ಣು ಮುಚ್ಚಿ, ಓಡಿಬಂದು ಬಾಗಿಲಿಗೆ ತನ್ನ ಸೊಂಟದಿಂದ ಗುದ್ದಿದ. ಡಂ ಎಂದು ಸದ್ದಾಯಿತು. ಸಾಹೇಬರು ಫೋಟೋ ನೋಡಿದರು, ಉಳಿದವರು ಬಾಗಿಲು ನೋಡಿದರು.

"ಅಚ್ಚು ಹಾಕಿದ ಹಾಗಿದೆ," ಎಂದರು ಸಾಹೇಬರು.

ಕನ್ನಡಕಪ್ಪನಿಗೆ ಮಾತ್ರ ನೆಟ್ಟಗೆ ನಿಲ್ಲಲಾಗಲಿಲ್ಲ. ಒಂದು ಕಡೆಗೆ ವಾಲಿಕೊಂಡೇ ಗೇಟಿಗೆ ಹೋಗಿ ನಿಂತ, ಏಕೆಂದರೆ ಬೀದಿಯ ತಿರುವಿನಲ್ಲಿ ಟೋಪಿ ಕಾಣಿಸಿತ್ತು.

ಟೋಪಿಯವರು ಒಳಗೆ ಬಂದು ವ್ಯಾನಿನ ಸುತ್ತ ನಿಧಾನವಾಗಿ ನಡೆದರು. ಅವರು ಬಾಗಿಲ ಗುಳಿಯನ್ನು ಅಂಗೈಯಿಂದ ಸವರಿದರು. ಮೇಲಿನ ಧೂಳನ್ನು ಬೆರಳಿನಲ್ಲಿ ತೆಗೆದು ಮೂಗಿನ ಹತ್ತಿರ ತಂದರು. ಅವರ ಹುಬ್ಬು ಮೇಲೇರಿತು.

"ಗುಲಾಬಿ ವಾಸನೆ ಬರ್ತಿದೆ."

ಪಾರ್ಲರ್ ಅಕ್ಕ ಕಂಬದ ಹಿಂದೆ ಸರಿದಳು.

"ಪೌಡರ್ ಹಾಕ್ತೀರಾ ಇದಕ್ಕೆ?" ಟೋಪಿಯವರ ದನಿ ನಡುಗುತ್ತಿತ್ತು.

ಇಲ್ಲವೆಂದರೆ ಏನು ಹೇಳುವುದೆಂದು ತಿಳಿಯದೆ ಕನ್ನಡಕಪ್ಪ ಹೌದೆಂದು ತಲೆಯಾಡಿಸಿದ.

"ನಾನು ಅಂದ್ಕೊಂಡಿದ್ದು ನಾನೊಬ್ಬನೇ ಹೀಗೆ ಅಂತ," ಎಂದು ಅವರು ವ್ಯಾನಿನ ದುಂಡು ದೀಪದ ಮೇಲೆ ಕೈಯಿಟ್ಟರು. "ಈಗಿನ ಗಾಡಿಗಳು ನಮ್ಮನ್ನ ಕರ್ಕೊಂಡು ಹೋಗಿ ಇಳಿಸ್ತವೆ, ಅಷ್ಟೇ. ಇವು ಹಾಗಲ್ಲ. ಇದು ಬೀದೀಲಿ ಹೋದ್ರೆ ಮುನಿಸಿಕೊಂಡು ನಿಂತೋರೂ ನಗ್ತಾರೆ. ಅವಸರ ಗೊತ್ತಿಲ್ಲ ಇದಕ್ಕೆ. ನೀರು ಕೇಳಲ್ಲ, ಗಾಳಿ ಕುಡ್ಕೊಂಡು ಟಕಟಕ ಅಂತ ಹೊಲಿಗೆ ಮಷಿನ್ ಥರ ಹೋಗ್ತಾ ಇರುತ್ತೆ. ಮನೆ ಮುಂದೆ ನಿಂತ್ರೆ ಮನೆಗೊಂದು ಮುಖ ಬರುತ್ತೆ." ಆಮೇಲೆ ತಿರುಗಿ ಕೇಳಿದರು: "ಒಂದು ಮಾತು. ಯಾರಾದ್ರೂ ಬಂದು ಒಳ್ಳೆ ಬೆಲೆ ಕೊಡ್ತೀನಿ ಅಂದ್ರೆ ಇದನ್ನ ಕೊಟ್ಟುಬಿಡ್ತೀರಾ?"

ಬಾಲ್ಕನಿಯಿಂದ ಸಾಹೇಬರು ಒಂದು ಬೆರಳು ತೋರಿಸಿದರು.

"ಖಂಡಿತಾ ಇಲ್ಲ ಸಾರ್," ಎಂದ ಕನ್ನಡಕಪ್ಪ.

"ಕೇಳಿದಷ್ಟು ಕೊಟ್ರೆ?"

ಎರಡು ಬೆರಳು.

"ಅಂಗಡಿ ಬೇಕಾದ್ರೂ ಕೊಟ್ಟೇನು, ಇದನ್ನ ಕೊಡಲ್ಲ."

"ಮನೇಲಿ ಬೇಡ ಅಂದ್ರೆ?"

ಮೂರು ಬೆರಳು. ಕನ್ನಡಕಪ್ಪ ವ್ಯಾನಿನ ಕಡೆ ನೋಡಿದ. ಸಂಜೆಯ ಬಿಸಿಲಿನಲ್ಲಿ ಅದು ಪೌಡರು ಮೆತ್ತಿಕೊಂಡು, ಸುಳ್ಳು ಹಿಕ್ಕೆ ಹೊತ್ತುಕೊಂಡು, ಎರಡು ಕಡೆ ಗುದ್ದಿಸಿಕೊಂಡೂ ಬೆರಗಿನ ಕಣ್ಣು ಬಿಟ್ಟುಕೊಂಡೇ ನಿಂತಿತ್ತು. ಬೆಳಿಗ್ಗೆಯಿಂದ ಇಡೀ ಬೀದಿ ಕೊಟ್ಟ ಕಾಟವನ್ನೆಲ್ಲ ಅದು ಬಾಯಿ ತೆರೆಯದೆ ಸಹಿಸಿತ್ತು. ಅವನಿಗೆ ತನ್ನದೇ ಬಾಳು ನೆನಪಾಯಿತು. "ಮನೇಲಿ ಏನಾದ್ರೂ ಅನ್ನಲಿ ಸಾರ್, ಇದನ್ನ ಬಿಟ್ಟಿರೋಕೆ ನನ್ನಿಂದಾಗಲ್ಲ," ಎಂದ. ಹೇಳಿದ ಮೇಲೆ ಅದು ನಾಟಕದ ಮಾತಿನ ಹಾಗೆ ಅವನಿಗೇ ಕೇಳಿಸಲಿಲ್ಲ. ಹೆಂಡತಿಗೂ ಹಾಗೆ ಕೇಳಿಸಲಿಲ್ಲವೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇನ್ನು ನಾಲ್ಕನೇ ಪ್ರಶ್ನೆ. ನಿಟ್ಟುಸಿರಿಗಾಗಿ ಅವನು ಎದೆತುಂಬ ಗಾಳಿ ಎಳೆದುಕೊಂಡು ಕಾದ. ಟೋಪಿಯವರು ಕೇಳಲಿಲ್ಲ. ಅವನನ್ನು ಬಿಗಿಯಾಗಿ ತಬ್ಬಿಕೊಂಡರು. ಎಳೆದುಕೊಂಡ ಗಾಳಿಯೆಲ್ಲ ಅವರ ಕಿವಿಯಲ್ಲಿ ಹೊರಬಿತ್ತು.

"ಇಷ್ಟು ಸಾಕು," ಎಂದರು ಅವರು. "ಎಷ್ಟು ಮನೆ ಹುಡುಕಿದ್ದೀನಿ ಗೊತ್ತಾ? ಎಲ್ಲಾ ಕಡೆ ಮೊದಲನೇ ಮಾತಿಗೇ ಮಾರ್ತೀನಿ ಅಂತಾರೆ. ಅಂಥವರ ಕೈಗೆ ನನ್ನದನ್ನ ಹೇಗೆ ಒಪ್ಪಿಸಲಿ?"

"ನಿಮ್ಮದನ್ನ?"

ಟೋಪಿಯವರು ಗೇಟಿನ ಹೊರಗೆ ಹೋಗಿ ಕೈ ಬೀಸಿದರು. ಬೀದಿಯ ತಿರುವಿನಿಂದ ಟಕಟಕ ಸದ್ದು ಮಾಡುತ್ತ, ಹಳದಿ ಮತ್ತು ಬಿಳಿ ಬಣ್ಣದ ಇನ್ನೊಂದು ಚಪ್ಪಟೆ ಮುಖದ ವ್ಯಾನು ಬಂತು. ಅದನ್ನು ಓಡಿಸುತ್ತಿದ್ದವರು ಅವರ ಹೆಂಡತಿ. ಆಕೆ ಎಲ್ಲೂ ತಡೆಯದೆ ಗೇಟಿನೊಳಕ್ಕೆ ನುಗ್ಗಿಸಿ, ಉಳಿದಿದ್ದ ಜಾಗವನ್ನೆಲ್ಲ ತುಂಬಿಸಿ, ಮನೆಯ ಮುಂಬಾಗಿಲಿಗೆ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ಯಾಗು ಹಿಡಿದು ಇಳಿದರು. ಕೀಲಿಕೈಯನ್ನು ಕನ್ನಡಕಪ್ಪನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾವೇ ಮಡಚಿದರು. ಆಮೇಲೆ ಅವನ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

"ತುಂಬಾ ಉಪಕಾರ ಆಯ್ತಮ್ಮಾ. ಒಂದೋ ಅದು ಇರಬೇಕು, ಇಲ್ಲಾ ನಾನಿರಬೇಕು ಅಂತ ಇವರಿಗೆ ಹೇಳಿದ್ದೆ. ಒಳ್ಳೆ ಮನೆ ಸಿಗೋವರೆಗೆ ಕಳಿಸಲ್ಲ ಅಂತ ಹಠ ಹಿಡಿದಿದ್ರು. ಇವತ್ತು ಫೋನಿನಲ್ಲಿ ನಿಮ್ಮ ಮಾತು ಕೇಳಿದ ಮೇಲೆ ಇವರಿಗೆ ಸಂಶಯವೇ ಉಳೀಲಿಲ್ಲ."

"ಸಾರ್, ನಾನು ಮಾರೋಣ ಅಂತಾನೇ ಇದ್ದೆ," ಎಂದ ಕನ್ನಡಕಪ್ಪ. "ಬೇಕಿದ್ರೆ ಇವರನ್ನೆಲ್ಲಾ ಕೇಳಿ."

ಟೋಪಿಯವರು ಮಗಳನ್ನು ಗಂಡನ ಮನೆಗೆ ಬಿಟ್ಟುಹೋಗುವ ಅಪ್ಪನಂತೆ ನಕ್ಕರು. "ನನ್ನ ನಗಿಸೋಕೆ ನೋಡ್ತೀರಿ. ದೊಡ್ಡ ಮನಸ್ಸು ನಿಮ್ಮದು. ಚಳಿಯಲ್ಲಿ ಸ್ವಲ್ಪ ಕೆಮ್ಮುತ್ತೆ, ಗದರಿಸಬೇಡಿ. ಬೆಳಿಗ್ಗೆ ಒಂದು ಸಲ ಮಾತಾಡಿಸಿ, ಸಾಕು." ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಹೊರಟರು. ಅವರ ಹೆಂಡತಿ ಅವರಿಗಿಂತ ಮುಂದೆ, ಹೆಚ್ಚುಕಡಿಮೆ ಕುಣಿಯುತ್ತ ಹೋಗುತ್ತಿದ್ದರು.

ಸಾಹೇಬರು ನಾಲ್ಕನೇ ಬೆರಳನ್ನು ಎತ್ತಿಕೊಂಡೇ ಇದ್ದರು. ಅದನ್ನು ಮೆಲ್ಲಗೆ ಮಡಚಿ, "ಜೋಡಿ ಇದ್ರೆ ಬೆಲೆ ಇನ್ನೂ ಜಾಸ್ತಿ," ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಭಾಮೈದ ಮತ್ತು ಪಾರ್ಲರ್ ಅಕ್ಕ ಗೋಡೆಗೆ ಒತ್ತಿಕೊಂಡು ಒಬ್ಬೊಬ್ಬರಾಗಿ ಜಾರಿಕೊಂಡರು.

ಹೆಂಡತಿ ದನಿ ಏರಿಸಲಿಲ್ಲ. ದನಿಯನ್ನೇ ಹೊರಡಿಸಲಿಲ್ಲ. ಮನೆಯೊಳಗೆ ಹೋಗಲು ಹಳದಿ ವ್ಯಾನಿನ ಮೂಲಕವೇ ದಾರಿಯಿತ್ತು: ಡ್ರೈವರ್ ಬಾಗಿಲಿನಿಂದ ಹತ್ತಿ, ಆಚೆ ಪಕ್ಕದ ಬಾಗಿಲಿನಿಂದ ಇಳಿದರೆ ಮುಂಬಾಗಿಲು. ಅವಳು ಸೀರೆ ಎತ್ತಿ ಹಿಡಿದು ಹತ್ತಿದಳು. ಕನ್ನಡಕಪ್ಪ ಸೊಂಟ ಹಿಡಿದುಕೊಂಡು, ಆಚೆ ಕಡೆ ಅವಳು ಇಳಿಯುವ ಸದ್ದಿಗಾಗಿ, ನಂತರ ಬಾಗಿಲ ಚಿಲಕದ ಸದ್ದಿಗಾಗಿ ಕಾದ.

ಯಾವ ಸದ್ದೂ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ವ್ಯಾನಿನ ಕಿಟಕಿಯ ಪರದೆ ಸರಿಯಿತು. ಹೆಂಡತಿ ಒಳಗಿನ ಸೀಟಿನಲ್ಲಿ ಕಾಲು ಚಾಚಿ, ದಿಂಬಿಗೆ ಒರಗಿ ಕೂತಿದ್ದಳು. ಅವಳ ಮುಖದ ಮೇಲೆ ಹಳದಿ ಪರದೆಯ ಬೆಳಕು ಬಿದ್ದಿತ್ತು.

"ಇಲ್ಲಿ ಕೂತ್ರೆ ಏಳೋಕೆ ಮನಸ್ಸೇ ಬರಲ್ಲ ಕಣ್ರೀ," ಎಂದಳು.

ಕನ್ನಡಕಪ್ಪನ ಎದೆ ಹಗುರಾಯಿತು. ವಾಲಿಕೊಂಡೇ ಓಡಿಹೋಗಿ ಕಿಟಕಿ ಹಿಡಿದ. "ನಾನು ಹೇಳ್ತಾ ಇರ್ಲಿಲ್ವಾ? ಎರಡೂ ಇರಲಿ ಬಿಡು ಹಾಗಾದ್ರೆ."

"ಎರಡು ಯಾಕೆ?" ಅವಳು ನಿಜವಾದ ಅಚ್ಚರಿಯಿಂದ ಅವನನ್ನು ನೋಡಿದಳು. "ಇದು ಇರಲಿ. ನಿಮ್ಮದನ್ನ ನಾಳೆ ಗುಜರಿಯವರಿಗೆ ಹೇಳಿ ತೆಗೆಸಿಬಿಡಿ. ಅದರ ಪಕ್ಕ ಇದು ನಿಂತ್ರೆ ನೋಡೋಕೆ ಚೆನ್ನಾಗಿರಲ್ಲ."

ಅವಳು ಪರದೆ ಎಳೆದುಕೊಂಡಳು.